ಮಾಡಿ ಕಲಿಯುವ ಸಾಲಿ: ಕೃಷ್ಣಾ–ಘಟಪ್ರಭೆಯ ಸೀಮೆಯಲ್ಲಿ ಒಂದು ಸಮೀಕ್ಷೆ

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಕಡೆ ತೋಟದ ಸಾಲಿ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೊಲಕ್ಕೆ ನೀರು ಹರಿದ ಮೇಲೆ ರೈತರು ಊರೊಳಗಿನ ಮನೆ ಬಿಟ್ಟು ಕಬ್ಬಿನ ನಡುವೆಯೇ ನೆಲೆ ನಿಂತರು. ನಾಲ್ಕಾರು ಮನೆತನಗಳ ಮಕ್ಕಳು ಸೇರುವಲ್ಲಿ ಒಂದು ಕಿರಿಯ ಪ್ರಾಥಮಿಕ ಶಾಲೆ ಎದ್ದಿತು. ಎಷ್ಟೋ ಕಡೆ ಮನೆತನದ ಅಡ್ಡಹೆಸರೇ ತೋಟದ ಹೆಸರಾಗಿ ಶಾಲೆಯ ಫಲಕವನ್ನೂ ಏರಿತು. ಒಂದರಿಂದ ಐದರವರೆಗೆ ತರಗತಿ, ಎರಡು ಕೋಣೆ, ಒಬ್ಬರೋ ಇಬ್ಬರೋ ಶಿಕ್ಷಕರು. ಎಂಟು ವರ್ಷದವನ ಮಗ್ಗುಲಲ್ಲಿ ಆರು ವರ್ಷದವಳು ಕುಳಿತಿರುತ್ತಾಳೆ. ಎಲ್ಲರೂ ಒಂದೇ ಪುಟ ತೆರೆದು ಒಂದೇ ದನಿಯಲ್ಲಿ ಓದುವ ಪಾಠ ಇಂಥ ಕೋಣೆಯಲ್ಲಿ ಹತ್ತು ನಿಮಿಷವೂ ನಿಲ್ಲುವುದಿಲ್ಲ. ಮಕ್ಕಳ ಕೈಗೆ ಏನಾದರೂ ಕೊಡಲೇಬೇಕು, ಅದು ಪಾಠವೂ ಆಗಬೇಕು.

ಹೀಗಾಗಿ ಚಟುವಟಿಕೆಯಿಂದ ಕಲಿಯುವುದು ಒಳ್ಳೆಯದೇ ಎಂಬ ಚರ್ಚೆಗಿಂತ ಹೆಚ್ಚು ಉಪಯೋಗದ ಪ್ರಶ್ನೆ ಇನ್ನೊಂದಿದೆ: ಮಾಡಿ ಕಲಿತದ್ದರಲ್ಲಿ ಮಗುವಿಗೆ ಯಾವಾಗ ಏನು ದಕ್ಕುತ್ತದೆ, ಯಾವಾಗ ಬರೀ ಕೈ ಆಡಿ ಹೊತ್ತು ಹೋಗುತ್ತದೆ? ಈ ಮೂರರ ಜೊತೆ ಬೀಳಗಿಯನ್ನೂ ಸೇರಿಸಿ ಬಾಗಲಕೋಟೆ ಜಿಲ್ಲೆಯ ನಾಲ್ಕು ತಾಲೂಕುಗಳನ್ನು ಎದುರಿಗಿಟ್ಟುಕೊಂಡು ಅದನ್ನು ನೋಡುವುದು ಇಲ್ಲಿಯ ಉದ್ದೇಶ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಚಟುವಟಿಕೆಯ ಬೆಲೆ ಇರುವುದು ಅದು ಎಬ್ಬಿಸುವ ಪ್ರಶ್ನೆಯಲ್ಲಿ, ಆ ಪ್ರಶ್ನೆ ಮಗುವಿನ ಮಾತಿಗೂ ಪಾಟಿಗೂ ತಲುಪುವುದರಲ್ಲಿ. ಸಾಮಗ್ರಿ ಎಷ್ಟು ಚಂದ ಇದೆ ಎಂಬುದು ಆಮೇಲಿನ ಮಾತು. ಈ ಸೀಮೆಗೆ ಸಾಮಗ್ರಿಯ ಬಡತನವಂತೂ ಇಲ್ಲ. ಬಡತನ ಇರುವುದು ಶಿಕ್ಷಕರ ಸಮಯಕ್ಕೆ.

ಕೈಕೆಲಸವನ್ನು ಪಾಠವಾಗಿಸುವ ಯತ್ನ ನಮ್ಮಲ್ಲಿ ಹೊಸದಲ್ಲ. 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲ ಶಿಕ್ಷಣದ ಕಲ್ಪನೆಗೆ ಜಾಕಿರ್ ಹುಸೇನ್ ಸಮಿತಿ ರೂಪ ಕೊಟ್ಟಿತು: ಏಳು ವರ್ಷದ ಶಿಕ್ಷಣ, ತಾಯ್ನುಡಿಯಲ್ಲಿ, ಒಂದು ಕಸುಬಿನ ಸುತ್ತ. ಅದೇ ವರ್ಷ ಅಧಿಕಾರಕ್ಕೆ ಬಂದಿದ್ದ ಮುಂಬೈ ಪ್ರಾಂತದ ಕಾಂಗ್ರೆಸ್ ಸರ್ಕಾರ ಅದನ್ನು ಪ್ರಯೋಗಕ್ಕೆ ತಂದಿತು. ಜಮಖಂಡಿಯ ಪಟವರ್ಧನರ, ಮುಧೋಳದ ಘೋರ್ಪಡೆಯವರ ಸಂಸ್ಥಾನಗಳು 1948ರಲ್ಲಿ ಆ ಪ್ರಾಂತಕ್ಕೇ ಸೇರಿ, 1956ರವರೆಗೆ ಈ ಭಾಗದ ಶಾಲೆಗಳು ಮುಂಬೈ ಪದ್ಧತಿಯಲ್ಲೇ ನಡೆದವು. ಕನ್ನಡದ ಇನ್ನೊಂದು ತುದಿಯಲ್ಲಿ, ಪುತ್ತೂರಿನ ಬಾಲವನದಲ್ಲಿ, ಶಿವರಾಮ ಕಾರಂತರು ಮಕ್ಕಳನ್ನು ಕುಣಿತಕ್ಕೂ ಬಣ್ಣಕ್ಕೂ ಕಾಡಿಗೂ ಬಿಟ್ಟು ನೋಡಿದ್ದು 1930ರ ದಶಕದ ಮಾತು. 1972ರಲ್ಲಿ ಶ್ರೀನಿವಾಸಪುರ ತಾಲೂಕಿನ ರಾಯಲ್ಪಾಡಿನ ಬಳಿ ಡೇವಿಡ್ ಹಾರ್ಸ್‌ಬರೋ ನೀಲ್‌ಬಾಗ್ ಶಾಲೆ ತೆರೆದರು. ತರಗತಿಯ ಗೋಡೆಗಳಿಲ್ಲದೆ, ಪರೀಕ್ಷೆಯ ಭಯವಿಲ್ಲದೆ, ಬಡಗಿ ಕೆಲಸದಿಂದ ಹಿಡಿದು ಭಾಷೆಯವರೆಗೆ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿತ ಶಾಲೆ ಅದು. ಅದೇ ವರ್ಷ ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ ಸರ್ಕಾರಿ ಶಾಲೆಗಳಲ್ಲೇ ಪ್ರಯೋಗ ಮಾಡಿ ವಿಜ್ಞಾನ ಕಲಿಸುವ ಕಾರ್ಯಕ್ರಮ ಶುರುವಾಯಿತು. ಮೂವತ್ತು ವರ್ಷ ನಡೆದು, 2002ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ಒಳ್ಳೆಯ ಪದ್ಧತಿ ತನ್ನ ಗುಣದಿಂದಲೇ ಉಳಿಯುತ್ತದೆ ಎಂದು ನಂಬಿದವರು ಹೋಶಂಗಾಬಾದನ್ನು ನೆನಪಿಟ್ಟುಕೊಳ್ಳಬೇಕು.

ಕರ್ನಾಟಕದ ಸರ್ಕಾರಿ ಶಾಲೆಗೆ ಈ ಧಾರೆ ಬಂದ ದಾರಿ ಹೆಗ್ಗಡದೇವನಕೋಟೆಯದು. ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರ ಏಕೋಪಾಧ್ಯಾಯ ಶಾಲೆಗಳಿಗಾಗಿ ಪಠ್ಯವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದು, ಇಡೀ ಶಾಲೆಯನ್ನು ಒಂದು ಪೆಟ್ಟಿಗೆಯಲ್ಲಿ ಹಿಡಿಸುವಂತೆ ಮಾಡಿತ್ತು. ಅದನ್ನು ನೋಡಿ ಬಂದ ಎಚ್.ಡಿ. ಕೋಟೆ ತಾಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಲ್ಲಿ 1995ರಲ್ಲಿ ತಮ್ಮದೇ ಕನ್ನಡ ಕಾರ್ಡುಗಳನ್ನು ತಯಾರಿಸಿದರು. ನಲಿಕಲಿ ಹುಟ್ಟಿದ್ದು ಹಾಗೆ. ಮೇಲಿನವರ ಆದೇಶಕ್ಕಿಂತ ಮೊದಲು ಶಿಕ್ಷಕರ ಕೈಬರಹವಾಗಿ ಹುಟ್ಟಿತು ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಕಬಿನಿ ಅಣೆಕಟ್ಟಿನಿಂದ ಊರು ಬಿಟ್ಟವರೂ ಕಾಡಂಚಿನ ಹಾಡಿಗಳೂ ಇದ್ದ ತಾಲೂಕು ಅದು. ಮಕ್ಕಳು ಶಾಲೆಗೆ ಬರುವುದೇ ಅಲ್ಲಿಯ ಮೊದಲ ಸಮಸ್ಯೆಯಾಗಿತ್ತು. 2003ರಲ್ಲಿ ಚೆನ್ನೈ ನಗರಪಾಲಿಕೆಯ ಶಾಲೆಗಳೂ ಅದೇ ರಿಷಿ ವ್ಯಾಲಿಯ ಮಾದರಿ ಹಿಡಿದವು, ಕೆಲವೇ ವರ್ಷಗಳಲ್ಲಿ ತಮಿಳುನಾಡು ಪೂರ್ತಿ ಹರಡಿತು. ಕರ್ನಾಟಕ 2009-10ರಿಂದ ನಲಿಕಲಿಯನ್ನು ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ತಂದಿತು.

ನಲಿಕಲಿಯ ಕೋಣೆಯ ಒಳಗನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೊರಗಿನವರು ಅದನ್ನು ಹಾಡು-ಕುಣಿತದ ತರಗತಿ ಎಂದಷ್ಟೇ ತಿಳಿದಿರುತ್ತಾರೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗಳಾಗಿ ಕೂಡುತ್ತಾರೆ. ಗುಂಪಿಗೆ ತಟ್ಟೆ ಎಂದು ಹೆಸರು. ಮೊದಲ ತಟ್ಟೆಯಲ್ಲಿ ಶಿಕ್ಷಕರು ಪೂರ್ತಿ ಜೊತೆಗಿರುತ್ತಾರೆ, ಎರಡನೆಯದರಲ್ಲಿ ಅರ್ಧ. ಮುಂದಿನ ಎರಡರಲ್ಲಿ ಗೆಳೆಯರೇ ಆಸರೆ, ಕೊನೆಯದರಲ್ಲಿ ಮಗು ತಾನೇ ತಾನು. ಗೋಡೆಯ ಮೇಲೆ ಕಲಿಕಾ ಏಣಿ ಇದೆ. ಮಗು ತನ್ನ ಮೆಟ್ಟಿಲನ್ನು ಹುಡುಕಿ, ಅಲ್ಲಿರುವ ಚಿಹ್ನೆ ನೋಡಿ, ಅದೇ ಚಿಹ್ನೆಯ ಕಾರ್ಡು ತೆಗೆದುಕೊಂಡು ತನ್ನ ತಟ್ಟೆಗೆ ಹೋಗುತ್ತದೆ. ತಲೆಯ ಮೇಲೆ ಹಗ್ಗದ ಚಪ್ಪರ, ಅದಕ್ಕೆ ಮಕ್ಕಳೇ ಮಾಡಿದ ಚಿತ್ರ, ಕಾಗದದ ಹಕ್ಕಿ. ಗೋಡೆಯ ಕೆಳಗಡೆ ಮಗುವಿನ ಎತ್ತರಕ್ಕೇ ಬಳಿದ ಕಪ್ಪು ಹಲಗೆ. ಅದರಲ್ಲಿ ಪ್ರತಿ ಮಗುವಿಗೂ ಒಂದು ತುಂಡು ಜಾಗ.

ಅಕ್ಷರ ಕಲಿಸುವ ಕ್ರಮವೂ ಬೇರೆ. ಅ, ಆ, ಇ, ಈ ಎಂದು ವರ್ಣಮಾಲೆಯ ಸಾಲು ಹಿಡಿಯದೆ ರ, ಗ, ಸ, ದ, ಅ ಎಂಬ ಐದರಿಂದ ಶುರು, ಆಮೇಲೆ ಜ, ವ, ಮ, ಬ, ನ. ಮೊದಲ ಐದೇ ಅಕ್ಷರ ಬಂದರೆ ಸಾಕು, ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಅರ್ಥವಿರುವ ಪದಗಳನ್ನು ಓದಿಬಿಡುತ್ತದೆ. ವರ್ಣಮಾಲೆಯ ದಾರಿಯಲ್ಲಿ ಇದಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಆರು ವರ್ಷದ ಮಗು ಶಾಲೆಗೆ ಬಂದು ಕೆಲವೇ ವಾರಗಳಲ್ಲಿ ತಾನೇ ಒಂದು ಪದ ಓದಿದಾಗ ಅದರ ಮುಖ ಹೇಗಾಗುತ್ತದೆ ಎಂಬುದನ್ನು ಯಾವ ನಲಿಕಲಿ ಅಕ್ಕೋರನ್ನು ಕೇಳಿದರೂ ಹೇಳುತ್ತಾರೆ.

ಈ ತಾಲೂಕುಗಳಿಗೆ ಏಣಿಯ ಕಲ್ಪನೆ ಒಪ್ಪುವುದಕ್ಕೆ ಇನ್ನೊಂದು ಕಾರಣವಿದೆ. ಇಲ್ಲಿಯ ಮಕ್ಕಳು ನಡುನಡುವೆ ಶಾಲೆ ಬಿಡುತ್ತಾರೆ. ಬೀಳಗಿ ಕಡೆಯ ಕುಟುಂಬಗಳು ಕಟ್ಟಡ ಕೆಲಸಕ್ಕೆ ಗೋವಾ, ಮಂಗಳೂರು ಎಂದು ದುಡಿಯಹೋಗುತ್ತವೆ. ಸುಗ್ಗಿಯ ಕಾಲಕ್ಕೆ ಮಹಾರಾಷ್ಟ್ರದಿಂದ ಕಬ್ಬು ಕಡಿಯುವ ತಂಡಗಳು ಮಕ್ಕಳುಮರಿಗಳೊಂದಿಗೆ ಬಂದು ಕಾರ್ಖಾನೆಯ ಸುತ್ತ ಬಿಡಾರ ಹೂಡುತ್ತವೆ. ಅವರಿಗೆಂದೇ ಟೆಂಟ್ ಶಾಲೆಗಳು ನಡೆದದ್ದುಂಟು. ಪಠ್ಯಪುಸ್ತಕದ ತರಗತಿಯಲ್ಲಿ ಎರಡು ತಿಂಗಳು ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಎಂಟು ಪಾಠ ಹಿಂದೆ ಬಿದ್ದಿರುತ್ತದೆ, ಮುಂದೆ ಎಂದೂ ಕೂಡಿಕೊಳ್ಳುವುದಿಲ್ಲ. ಏಣಿಯಲ್ಲಿ ಅದು ಬಿಟ್ಟ ಮೆಟ್ಟಿಲಿಗೇ ಬಂದು ನಿಲ್ಲಬಹುದು. ನಲಿಕಲಿಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದೇ ಎಂದು ನನ್ನ ಎಣಿಕೆ. ಹಾಡು-ಆಟದ ಸಂತೋಷ ಇದಕ್ಕಿಂತ ಕೆಳಗಿನದು.

ದೂರುಗಳೂ ಇವೆ, ಅವುಗಳಲ್ಲಿ ಹೆಚ್ಚಿನವು ನ್ಯಾಯವಾದವು. ಕಾರ್ಡು ಹರಿಯುತ್ತವೆ, ಕಳೆಯುತ್ತವೆ. ಒಂದು ಕಾರ್ಡು ಕಳೆದರೆ ಏಣಿಯಲ್ಲಿ ಒಂದು ಮೆಟ್ಟಿಲೇ ಇಲ್ಲದಂತಾಗುತ್ತದೆ. ಪೇಟೆಯ ಶಾಲೆಗಳಲ್ಲಿ ಒಂದು ಕೋಣೆಗೆ ನಲವತ್ತು, ಐವತ್ತು ಮಕ್ಕಳಿದ್ದಾಗ ಐದು ತಟ್ಟೆಗಳ ಲೆಕ್ಕ ಕುಸಿದು, ಶಿಕ್ಷಕರು ಯಾವ ತಟ್ಟೆಯಲ್ಲೂ ಕೂಡಲಾಗದೆ ಓಡಾಡುತ್ತಾರೆ. ಸ್ವಂತ ಕಲಿಯುವ ತಟ್ಟೆ ಎಂದರೆ ಯಾರೂ ನೋಡದ ತಟ್ಟೆ ಎಂದಾಗಿ, ಮಗು ವಾರಗಟ್ಟಲೆ ಅದೇ ಕಾರ್ಡಿನ ಮುಂದೆ ಕೂತಿರುತ್ತದೆ. ಪ್ರತಿ ಮಗುವಿನ ಪ್ರಗತಿಯನ್ನೂ ದಾಖಲಿಸಬೇಕಾದ ಕಾಗದದ ಕೆಲಸ ಬೇರೆ. ತಂದೆತಾಯಿಯರ ದೂರು ಇನ್ನೂ ಸರಳ: ಪುಸ್ತಕ ಎಲ್ಲಿ, ಬರೆದದ್ದು ಎಲ್ಲಿ, ಮನೆಗೆಲಸ ಯಾಕಿಲ್ಲ? ಇದನ್ನು ತಿಳಿಯದವರ ಮಾತೆಂದು ತಳ್ಳಿಹಾಕುವುದು ಸರಿಯಲ್ಲ. ಮನೆಗೆ ಏನೂ ಬಾರದೆ ಇದ್ದರೆ ಮನೆಯವರಿಗೆ ಮಗು ಕಲಿಯುತ್ತಿರುವುದು ಗೊತ್ತಾಗುವ ದಾರಿಯೇ ಇರುವುದಿಲ್ಲ. ನಾಲ್ಕನೇ ತರಗತಿಯ ಹೊಸ್ತಿಲು ಇದಕ್ಕಿಂತ ಗಟ್ಟಿಯಾದ ಸಮಸ್ಯೆ. ಮೂರು ವರ್ಷ ಕಾರ್ಡಿನ ಜೊತೆ ತನ್ನ ವೇಗದಲ್ಲಿ ನಡೆದ ಮಗುವನ್ನು ಒಂದು ಜೂನ್ ತಿಂಗಳಲ್ಲಿ ದಪ್ಪ ಪುಸ್ತಕದ ಮುಂದೆ, ಎಲ್ಲರ ವೇಗದಲ್ಲಿ ಕೂಡಿಸಲಾಗುತ್ತದೆ. ಇದಕ್ಕೆ ಮತ್ತೆ ಬರುತ್ತೇನೆ.

ಗಣಿತದಲ್ಲಿ ಕೈಯ ಕೆಲಸಕ್ಕೆ ಇರುವ ಜಾಗ ಸ್ಪಷ್ಟ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1966ರಲ್ಲಿ ಮಗುವಿನ ತಿಳಿವಳಿಕೆ ಕ್ರಿಯೆಯಿಂದ ಚಿತ್ರಕ್ಕೆ, ಚಿತ್ರದಿಂದ ಸಂಕೇತಕ್ಕೆ ಏರುತ್ತದೆ ಎಂದು ವಿವರಿಸಿದ್ದರು. ಅಕ್ಷರ ಫೌಂಡೇಶನ್ ಮತ್ತು ರಾಜ್ಯ ಸರ್ಕಾರ ಸೇರಿ ನಾಲ್ಕು, ಐದನೇ ತರಗತಿಗೆ ತಂದ ಗಣಿತ ಕಲಿಕಾ ಆಂದೋಲನವೂ ಇದೇ ಮೂರು ಹೆಜ್ಜೆಯ ಮೇಲೆ ನಿಂತಿದೆ. ಆ ಪೆಟ್ಟಿಗೆಯಲ್ಲಿ ಮಣಿಸರ, ಅಬ್ಯಾಕಸ್, ದಶಮಾನದ ಘನಗಳು, ಭಿನ್ನರಾಶಿಯ ತುಂಡುಗಳು, ಜಿಯೋಬೋರ್ಡು, ತಕ್ಕಡಿ, ಗಡಿಯಾರ ಎಲ್ಲ ಇವೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗಣಿತ ಸ್ಪರ್ಧೆಗಳೂ ನಡೆಯುತ್ತವೆ. ಪೆಟ್ಟಿಗೆ ಒಳ್ಳೆಯದೇ, ಆದರೆ ಬೀರುವಿನಲ್ಲಿ ಬೀಗ ಹಾಕಿ ಇಟ್ಟರೆ ಅದರಿಂದ ಯಾರಿಗೂ ಏನೂ ಆಗದು. ಕಳೆದುಹೋದರೆ ಯಾರು ಹೊಣೆ ಎಂಬ ಭಯ ಎಷ್ಟೋ ಪೆಟ್ಟಿಗೆಗಳನ್ನು ಹೊಸದಾಗಿಯೇ ಉಳಿಸಿದೆ. ಒಡೆದ ವಸ್ತುವಿಗೆ ಮುಖ್ಯಗುರುಗಳನ್ನು ಕೇಳುವುದಿಲ್ಲ ಎಂಬ ಒಂದು ಸುತ್ತೋಲೆ ಹೊರಟರೆ ಅರ್ಧ ಬೀಗಗಳು ತೆರೆದಾವು.

ಪೆಟ್ಟಿಗೆ ಇಲ್ಲದಿದ್ದರೂ ತೊಗರಿ ಕಡ್ಡಿ ಇದೆ. 52ರಲ್ಲಿ 27 ಕಳೆಯುವುದನ್ನೇ ನೋಡೋಣ. ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ. ಏಳು ಬಿಡಿ ಕಡ್ಡಿ ಕೊಡು ಎಂದರೆ ಮಗುವಿನ ಹತ್ತಿರ ಇಲ್ಲ. ಏನು ಮಾಡಬೇಕು ಎಂದು ಕೇಳಿ ಶಿಕ್ಷಕರು ಸುಮ್ಮನಿರಬೇಕು. ಯಾವುದೋ ಒಂದು ಮಗು ಕಟ್ಟು ಬಿಚ್ಚೋಣ ಎನ್ನುತ್ತದೆ. ಬಿಚ್ಚಿದ ಗಳಿಗೆಯಲ್ಲೇ ಪಾಟಿಯ ಮೇಲೆ 5 ಹೊಡೆದು 4 ಬರೆಯಬೇಕು, 2ರ ಜಾಗದಲ್ಲಿ 12 ಬರೆಯಬೇಕು. ಇಡೀ ಚಟುವಟಿಕೆಯ ಸಾರ ಈ ಒಂದು ಗಳಿಗೆಯಲ್ಲಿದೆ. ಕಡ್ಡಿಯಲ್ಲಿ ಆದದ್ದು ಮತ್ತು ಅಂಕಿಯಲ್ಲಿ ಆದದ್ದು ಒಂದೇ ಎಂದು ಮಗುವಿಗೆ ಹೊಳೆಯಬೇಕು. ಕಡ್ಡಿಯನ್ನು ಬೆಳಿಗ್ಗೆ ಆಡಿಸಿ, ಪಾಟಿಯ ಲೆಕ್ಕವನ್ನು ಮಧ್ಯಾಹ್ನ ಕೊಟ್ಟರೆ ಮಗುವಿಗೆ ಅವು ಎರಡು ಬೇರೆ ಬೇರೆ ಆಟಗಳಾಗಿ ಉಳಿಯುತ್ತವೆ. ಕಡ್ಡಿಯಲ್ಲಿ ಸರಿಯಾಗಿ ಕಳೆಯುವ, ಅಂಕಿಯಲ್ಲಿ 52ರಿಂದ 27 ಕಳೆದು 35 ಎಂದು ಬರೆಯುವ ಮಕ್ಕಳು ಎಲ್ಲ ಶಾಲೆಯಲ್ಲೂ ಸಿಗುತ್ತಾರೆ. ಅವರಿಗೆ ಕೊರತೆಯಾದದ್ದು ಚಟುವಟಿಕೆಯಲ್ಲ, ಆ ಸೇತುವೆ.

ಮೆಟ್ರಿಕ್ ಮೇಳ, ಮಕ್ಕಳ ಸಂತೆಗಳನ್ನೂ ಹೀಗೇ ಅಳೆಯಬೇಕು. ಶಾಲೆಯ ಅಂಗಳದಲ್ಲಿ ಮಕ್ಕಳು ಮೆಂತ್ಯ, ಬದನೆ, ಚುರುಮುರಿ ಮಾರುವುದು ಊರಿಗೆಲ್ಲ ಸಂಭ್ರಮ. ಇಲ್ಲಿಯ ಮಕ್ಕಳಿಗೆ ಸಂತೆ ಹೊಸದಲ್ಲ, ಅವರಲ್ಲಿ ಎಷ್ಟೋ ಮಂದಿ ನಿಜವಾದ ಸಂತೆಯಲ್ಲೇ ಅಪ್ಪನ ಪಕ್ಕ ಕೂತವರು. ಬಾಯಿಲೆಕ್ಕದಲ್ಲಿ ಚುರುಕಾದ ಅದೇ ಮಗು ಪಾಟಿಯ ಮೇಲೆ ಗುಣಾಕಾರಕ್ಕೆ ತಡವರಿಸುತ್ತದೆ. ಸಂತೆ ಮುಗಿದ ಮರುದಿನ ತರಗತಿಯಲ್ಲಿ ಕೂತು ನೀನು ಆ ಚಿಲ್ಲರೆಯನ್ನು ಹೇಗೆ ಎಣಿಸಿದೆ ಎಂದು ಕೇಳಿ, ಅದು ಹೇಳಿದ ದಾರಿಯನ್ನೇ ಹಲಗೆಯ ಮೇಲೆ ಬರೆದು ತೋರಿಸುವ ಶಿಕ್ಷಕರು ಸಂತೆಯ ನಿಜವಾದ ಲಾಭ ತೆಗೆಯುತ್ತಾರೆ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಮುಗಿಸುವ ಸಂತೆಯಿಂದ ಮಗುವಿಗೆ ಒಂದು ದಿನದ ಖುಷಿ ಸಿಕ್ಕೀತು. ಅದೂ ಬೇಕಾದದ್ದೇ, ಆದರೆ ಅದಕ್ಕೆ ಕಲಿಕೆ ಎಂದು ಹೆಸರಿಡಬಾರದು.

ಕೊರೊನಾ ವರ್ಷಗಳಲ್ಲಿ ಶಾಲೆ ಮುಚ್ಚಿದ್ದರಿಂದ ಆದ ನಷ್ಟ ತುಂಬಲು 2022-23ನ್ನು ರಾಜ್ಯ ಕಲಿಕಾ ಚೇತರಿಕೆಯ ವರ್ಷವೆಂದು ಕರೆಯಿತು. ಅದರ ಕೊನೆಯಲ್ಲಿ, 2023ರ ಆರಂಭದ ತಿಂಗಳುಗಳಲ್ಲಿ, ಕ್ಲಸ್ಟರ್‌ಗಳಲ್ಲಿ ಕಲಿಕಾ ಹಬ್ಬ ನಡೆಯಿತು. ಹಾಡು, ಆಟ, ಕಾಗದ-ಕತ್ತರಿಯ ಮೂಲೆಗಳ ಜೊತೆಗೆ ‘ಊರು ತಿಳಿಯೋಣ’ ಎಂಬ ಒಂದು ಮೂಲೆ ಇತ್ತು. ನಾಲ್ಕರಲ್ಲಿ ಈ ಸೀಮೆಗೆ ಹೇಳಿ ಮಾಡಿಸಿದಂಥದು ಅದೇ. ಬೀಳಗಿ ತಾಲೂಕಿನ ಪುನರ್ವಸತಿ ಕೇಂದ್ರದ ಮಗುವಿಗೆ ನಿನ್ನ ಊರಿನ ನಕ್ಷೆ ಬರೆ ಎಂದರೆ ಅದು ಬರೆಯುವುದು ನೇರ ರಸ್ತೆ, ಸಾಲು ನಿವೇಶನ, ನೀರಿನ ಟ್ಯಾಂಕು, ಶಾಲೆ. ಅಜ್ಜಿಯನ್ನು ಅದೇ ಪ್ರಶ್ನೆ ಕೇಳಿದರೆ ಅವಳು ಹೇಳುವ ಊರು ಬೇರೆ: ಹೊಳೆಯ ದಂಡೆ, ಅಗಸಿ, ಗುಡಿಯ ಮುಂದಿನ ಬೇವಿನ ಗಿಡ, ಓಣಿಗಳು. ಅದು ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಒಂದೇ ಹಾಳೆಯ ಎರಡು ಮಗ್ಗುಲಲ್ಲಿ ಎರಡು ನಕ್ಷೆ ಬರೆದ ಮಕ್ಕಳು ದಿಕ್ಕು, ದೂರ, ಅಳತೆಗಳ ಜೊತೆಗೆ ಯಾವ ಪಠ್ಯಪುಸ್ತಕವೂ ಕೊಡದ ಚರಿತ್ರೆಯನ್ನು ಕಲಿಯುತ್ತಾರೆ. ಅಣೆಕಟ್ಟಿನ ಈಗಿನ ಮಟ್ಟ 519.6 ಮೀಟರ್. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ವರೆಗೆ ಎತ್ತರಿಸಲು ಒಪ್ಪಿದೆ. ಅಂದರೆ ಇಂದು ನಕ್ಷೆ ಬರೆಯುವ ಮಕ್ಕಳಲ್ಲಿ ಕೆಲವರ ಊರು, ಹೊಲ ಮತ್ತೆ ಜಾಗ ಬದಲಿಸಬೇಕಾದೀತು. ಐದನೇ ತರಗತಿಯ ಮಗುವಿಗೆ ನಾಲ್ಕೂವರೆ ಮೀಟರಿಗಿಂತ ತುಸು ಹೆಚ್ಚು ಎಂದರೆ ಎಷ್ಟು ಎಂದು ಶಾಲೆಯ ಗೋಡೆಯ ಮೇಲೆ ಸುಣ್ಣದಲ್ಲಿ ಗುರುತು ಹಾಕಿ ತೋರಿಸಬಹುದು. ದಶಮಾಂಶ ಆಗ ಬರೀ ಚುಕ್ಕಿಯಾಗಿ ಉಳಿಯುವುದಿಲ್ಲ.

ಮುಧೋಳ, ಜಮಖಂಡಿಯ ನದಿದಂಡೆಯ ಮಕ್ಕಳು 2019ರ ಆಗಸ್ಟ್ ಪ್ರವಾಹ ಕಂಡವರು, ಇಲ್ಲವೆ ಅದರ ಮಾತು ಕೇಳುತ್ತ ಬೆಳೆದವರು. ಮಳೆಗಾಲದಲ್ಲಿ ಟಿವಿ ದಿನವಿಡೀ ಕ್ಯೂಸೆಕ್ ಎನ್ನುತ್ತಿರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್, ಅಂದರೆ 14 ಲೀಟರಿನ ಎರಡು ಬಕೆಟ್. ಶಾಲೆಯ ನಲ್ಲಿಯ ಕೆಳಗೆ ಬಕೆಟ್ಟು ಇಟ್ಟು, ಅದು ತುಂಬಲು ಎಷ್ಟು ಸೆಕೆಂಡು ಬೇಕೆಂದು ಆರನೇ ತರಗತಿಯವರು ಎಣಿಸಲಿ. ಕಾಲುವೆಯಲ್ಲಿ ಎಲೆ ತೇಲಿಬಿಟ್ಟು ಹತ್ತು ಮೀಟರ್ ಸಾಗಲು ಎಷ್ಟು ಹೊತ್ತು ಹಿಡಿಯಿತೆಂದು ದೊಡ್ಡವರ ಜೊತೆ ನಿಂತು ನೋಡಲಿ. ಆಮೇಲೆ ಲಕ್ಷ ಕ್ಯೂಸೆಕ್ ಎಂದಾಗ ಸೆಕೆಂಡಿಗೆ ಎರಡು ಲಕ್ಷ ಬಕೆಟ್ ಅವರ ಕಣ್ಣ ಮುಂದೆ ಬರುತ್ತದೆ. ಇದೇ ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ ರೈತರೇ ವಂತಿಗೆ ಹಾಕಿ, ಬೆವರು ಸುರಿಸಿ, 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಹೆಸರಿನ ಆ ಬ್ಯಾರೇಜನ್ನು ಜಮಖಂಡಿ ತಾಲೂಕಿನ ಮಕ್ಕಳು ಪ್ರವಾಸದ ಜಾಗವಾಗಿ ಮಾತ್ರ ನೋಡಿ ಬಂದರೆ ನನಗೆ ಬೇಸರ. ಅಲ್ಲಿ ಬೇಸಿಗೆಯಲ್ಲಿ ನೀರು ಯಾಕೆ ನಿಲ್ಲುತ್ತದೆ, ಗೇಟು ಯಾವಾಗ ತೆಗೆಯುತ್ತಾರೆ, ತಮ್ಮ ಹೊಲದ ಪಂಪಿಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಮಕ್ಕಳೇ ಕಟ್ಟಿದವರ ಬಾಯಿಂದ ಕೇಳಿ ಬರೆದುಕೊಂಡು ಬರುವಷ್ಟು ಹತ್ತಿರದ ಇತಿಹಾಸ ಅದು.

ಸಾಮಗ್ರಿಯ ಮಾತು ಬಂದಾಗ ನಮ್ಮ ಹಬ್ಬಗಳೇ ಎಷ್ಟನ್ನು ಕೊಡುತ್ತವೆ! ಶಾಲೆ ತೆರೆದು ಕೆಲವೇ ವಾರಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಎರೆಮಣ್ಣಿನಲ್ಲಿ ಎತ್ತು, ಗ್ವಾದಲಿ ಮಾಡುವುದು ಇಲ್ಲಿಯ ಮಗುವಿಗೆ ಯಾರೂ ಕಲಿಸಬೇಕಾಗಿಲ್ಲ. ಒಂದೇ ಅಳತೆಯ ಎರಡು ಎತ್ತು ಮಾಡಿ, ಒಂದನ್ನು ಬಿಸಿಲಲ್ಲಿ, ಒಂದನ್ನು ನೆರಳಲ್ಲಿ ಒಣಗಿಸಿದರೆ ಯಾವುದು ಬಿರುಕು ಬಿಡುತ್ತದೆ? ಹಸಿಯಾಗಿದ್ದಾಗ ತೂಗಿ, ಒಣಗಿದ ಮೇಲೆ ತೂಗಿದರೆ ಕಡಿಮೆಯಾದ ತೂಕ ಎಲ್ಲಿ ಹೋಯಿತು? ಮಣ್ಣಿಗೆ ಹೊಟ್ಟು ಬೆರೆಸಿದರೆ ಬಿರುಕು ಯಾಕೆ ಕಡಿಮೆ? ಕೊನೆಯ ಪ್ರಶ್ನೆಗೆ ಉತ್ತರ ಹಳೆಯ ಮಣ್ಣಿನ ಗೋಡೆ ಕಟ್ಟಿದ ಯಾವ ಮುದುಕರಿಗೂ ಗೊತ್ತು, ಅವರನ್ನು ಒಂದು ಮಧ್ಯಾಹ್ನ ಶಾಲೆಗೆ ಕರೆಯಬೇಕಷ್ಟೆ. ಮಹಾಲಿಂಗಪುರದ ಪೇಟೆಗೆ ಬೆಲ್ಲ ಕಳಿಸುವ ಗಾಣದ ಹತ್ತಿರ ನಿಂತರೆ ಆವಿ, ಕುದಿ, ಹರಳು ಎಲ್ಲ ಒಂದೇ ಕಡೆ. 100 ಕಿಲೊ ಕಬ್ಬಿಗೆ ಬೆಲ್ಲ ಸುಮಾರು 10 ಕಿಲೊ. ಉಳಿದ 90 ಕಿಲೊ ಏನಾಯಿತು ಎಂಬ ಪ್ರಶ್ನೆಯೊಂದೇ ಒಂದು ವಾರದ ವಿಜ್ಞಾನ ಪಾಠಕ್ಕೆ ಸಾಕು. ಕುದಿಯುವ ಕೊಪ್ಪರಿಗೆಯ ಹತ್ತಿರ ಮಕ್ಕಳನ್ನು ಬಿಡಬಾರದು, ದೂರದ ಗೆರೆ ಎಳೆದೇ ತೋರಿಸಬೇಕು.

ರಬಕವಿ-ಬನಹಟ್ಟಿಯದು ಬೇರೆ ಕಥೆ. ಅಲ್ಲಿ ನಾನು ಎಚ್ಚರಿಕೆಯಿಂದ ಮಾತಾಡಬಯಸುತ್ತೇನೆ. ಮಗ್ಗದ ಊರು, ಬೀದಿ ಬೀದಿಯಲ್ಲಿ ಪವರ್‌ಲೂಮಿನ ಸದ್ದು. ನೇಯ್ಗೆಯಲ್ಲಿ ಗಣಿತ ತುಂಬಿದೆ: ಬಣ್ಣದ ಕಾಗದದ ಪಟ್ಟಿಗಳನ್ನು ಹಾಸು-ಹೊಕ್ಕಾಗಿ ಹೆಣೆದು ಒಂದು ಮೇಲೆ ಒಂದು ಕೆಳಗೆ, ಎರಡು ಮೇಲೆ ಒಂದು ಕೆಳಗೆ ಎಂದು ವಿನ್ಯಾಸ ಬದಲಿಸಿದರೆ ಸರಿ-ಬೆಸ, ಗುಣಕ, ಸಮಮಿತಿ ಎಲ್ಲ ಬೆರಳಿಗೆ ಸಿಗುತ್ತವೆ. ಅಜ್ಜಿಯ ಒಂಬತ್ತು ವಾರಿನ ಸೀರೆ ಎಷ್ಟು ಮೀಟರ್ ಎಂದು ಅಳೆದು, 8.2 ಮೀಟರಿನಷ್ಟು ಬಂತೆಂದು ಮಕ್ಕಳು ಕೂಗುವ ತರಗತಿ ಸೊಗಸಾದದ್ದು. ಆದರೆ ಆ ಮಕ್ಕಳಲ್ಲಿ ಕೆಲವರು ಬೆಳಿಗ್ಗೆ ಎದ್ದು ಮನೆಯಲ್ಲಿ ಕಂಡಿಕೆ ಸುತ್ತಿ ಶಾಲೆಗೆ ಬಂದಿರುತ್ತಾರೆ. 14 ವರ್ಷದೊಳಗಿನ ಮಗು ಶಾಲೆಯ ಹೊತ್ತಿನ ಆಚೆ ಮನೆಯ ಕಸುಬಿಗೆ ನೆರವಾಗಲು 2016ರ ಬಾಲಕಾರ್ಮಿಕ ಕಾಯ್ದೆಯ ತಿದ್ದುಪಡಿ ಅವಕಾಶ ಇಟ್ಟಿದೆ. ಹಾಗಿರುವಾಗ ಶಾಲೆಯೂ ಕಸುಬಿನ ಹೆಸರಿನಲ್ಲಿ ಅದೇ ಕೆಲಸ ಮಾಡಿಸಿದರೆ ಮಗುವಿಗೆ ಬಿಡುಗಡೆ ಎಲ್ಲಿ?

ವಾರ್ಧಾ ಯೋಜನೆಗೆ ಬಂದ ಅತ್ಯಂತ ಗಂಭೀರ ಆಕ್ಷೇಪವೂ ಇದೇ ಆಗಿತ್ತು. ಮಕ್ಕಳು ನೂತ ನೂಲಿನಿಂದ ಶಾಲೆಯ ಖರ್ಚು ಗಿಟ್ಟಬೇಕೆಂಬ ಭಾಗವನ್ನು ಅನೇಕರು ಆಗಲೇ ವಿರೋಧಿಸಿದ್ದರು. 1953ರಲ್ಲಿ ಮದ್ರಾಸಿನಲ್ಲಿ ರಾಜಾಜಿ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಯೋಜನೆ ತಂದಾಗ ಅದನ್ನು ಕುಲಕಸುಬಿನ ಶಿಕ್ಷಣ ಎಂದೇ ಜನ ಕರೆದರು. ಮರುವರ್ಷ ಕಾಮರಾಜರ ಸರ್ಕಾರ ಅದನ್ನು ಕೈಬಿಟ್ಟಿತು. ನೇಕಾರರ ಮಗುವಿಗೆ ನೇಯ್ಗೆ, ಕಬ್ಬು ಕಡಿಯುವವರ ಮಗುವಿಗೆ ಕಬ್ಬು ಎಂದು ಶಾಲೆಯೇ ಹಂಚಿದರೆ ಚಟುವಟಿಕೆ ಆಧಾರಿತ ಕಲಿಕೆ ಜಾತಿಯ ಕೆಲಸವನ್ನೇ ಇನ್ನೊಂದು ಹೆಸರಲ್ಲಿ ಮಾಡಿದಂತಾಗುತ್ತದೆ. ಹಾಗಾಗಿ ಬನಹಟ್ಟಿಯ ಮಗು ಮಣ್ಣಿನ ಬಿರುಕನ್ನು ತೂಗಲಿ, ಬೀಳಗಿಯ ಮಗು ಹಾಸು-ಹೊಕ್ಕು ಹೆಣೆಯಲಿ. ಮಗ್ಗದ ಮನೆಯ ಮಗುವಿಗೆ ನೇಯ್ಗೆ ಪಾಠವಾಗಿ ಬರುವಾಗ ಅದು ದುಡಿಯುವ ಕೈಯಾಗಿ ಬಾರದೆ ಬಲ್ಲವನಾಗಿ ಬರಬೇಕು: ಲಾಳಿ ಹೇಗೆ ಓಡುತ್ತದೆ ಎಂದು ತರಗತಿಗೆ ವಿವರಿಸುವ ಗೌರವ ಅವನದು, ಅವಳದು. ಚಟುವಟಿಕೆಯಿಂದ ಶಾಲೆ ಯಾವ ಲಾಭವನ್ನೂ, ಯಾವ ಉತ್ಪನ್ನವನ್ನೂ ಎದುರು ನೋಡಬಾರದು. ಈ ವಿಷಯದಲ್ಲಿ ರಾಜಿ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟೆಲ್ಲ ಮಾಡಿದರೆ ಓದು-ಬರಹ ಬರುತ್ತದೆಯೇ ಎಂಬುದು ತಂದೆತಾಯಿಯರ ಪ್ರಶ್ನೆ, ತೆರಿಗೆ ಕೊಡುವವರ ಪ್ರಶ್ನೆ. ಗ್ರಾಮೀಣ ಮಕ್ಕಳ ಓದನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯಲ್ಲಿ ಕರ್ನಾಟಕದ ಮೂರನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು 2018ರಲ್ಲಿ 100ಕ್ಕೆ 20ರ ಆಸುಪಾಸಿನಲ್ಲಿದ್ದರು, 2022ರಲ್ಲಿ 10ಕ್ಕಿಂತ ಕೆಳಗಿಳಿದರು. ಎರಡನೆಯ ಅಂಕಿಗೆ ಶಾಲೆ ಮುಚ್ಚಿದ್ದು ಕಾರಣ. ಮೊದಲನೆಯದಕ್ಕೆ ಆ ನೆಪವಿಲ್ಲ, ಆಗ ನಲಿಕಲಿ ರಾಜ್ಯಾದ್ಯಂತ ಬಂದು ಎಂಟೊಂಬತ್ತು ವರ್ಷವಾಗಿತ್ತು. ಇದರಿಂದ ನಲಿಕಲಿ ಸೋತಿತು ಎಂದು ತೀರ್ಮಾನಿಸುವುದೂ ಅವಸರ, ಯಾಕೆಂದರೆ ಸಮೀಕ್ಷೆ ಪದ್ಧತಿಯನ್ನು ಅಳೆಯುವುದಿಲ್ಲ. ಆದರೆ ಆದೇಶದಲ್ಲಿ ಇರುವ ನಲಿಕಲಿ ಮತ್ತು ಕೋಣೆಯಲ್ಲಿ ನಡೆಯುವ ನಲಿಕಲಿ ಒಂದೇ ಅಲ್ಲ ಎಂಬುದನ್ನು ಅಂಕಿ ಸಾರಿ ಹೇಳುತ್ತದೆ. ಸಂಶೋಧಕರಲ್ಲೂ ಒಮ್ಮತವಿಲ್ಲ. 2006ರಲ್ಲಿ ಕಿರ್ಷ್‌ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ಬರೆದ, ಬಹಳ ಚರ್ಚೆಯಾದ ಲೇಖನದ ವಾದ ಇದು: ಹೊಸದಾಗಿ ಕಲಿಯುವವರನ್ನು ಕಡಿಮೆ ಮಾರ್ಗದರ್ಶನದಲ್ಲಿ ತಾವೇ ಕಂಡುಕೊಳ್ಳಲು ಬಿಟ್ಟರೆ ಅವರ ನೆನಪಿನ ಮೇಲೆ ಹೊರೆ ಬಿದ್ದು ಕಲಿಕೆ ಕುಂಟುತ್ತದೆ. ಅದನ್ನು ಚಟುವಟಿಕೆಯ ವಿರುದ್ಧದ ತೀರ್ಪೆಂದು ಓದುವವರಿದ್ದಾರೆ. ನನಗೆ ಅದು ನಲಿಕಲಿಯ ಮೊದಲ ತಟ್ಟೆಯ ಪರವಾದ ವಾದವಾಗಿ ಕಾಣುತ್ತದೆ: ಹೊಸದನ್ನು ಶಿಕ್ಷಕರು ಪಕ್ಕ ಕೂತು ಕಲಿಸಲಿ, ಗಟ್ಟಿಯಾದದ್ದನ್ನು ಮಗು ತಾನೇ ಮಾಡಲಿ. ಅಕ್ಷರ-ಧ್ವನಿಯ ನಂಟು, ಗುಣಿತಾಕ್ಷರ, ಮಗ್ಗಿ ಇವಕ್ಕೆ ದಿನದಿನದ ಅಭ್ಯಾಸ ಬೇಕು, ಬಾಯಿಪಾಠವೂ ಬೇಕು. ಮಾಡಿ ಕಲಿಯುವುದರ ಪರವಾಗಿ ನಿಂತವರು ಇದನ್ನು ಒಪ್ಪಿಕೊಳ್ಳಲು ಹಿಂಜರಿಯಬಾರದು.

ತಾಂಡಾದ ಲಂಬಾಣಿ ಮನೆಯಿಂದ, ಪೇಟೆಯ ಉರ್ದು ಮನೆಯಿಂದ, ಗಡಿ ದಾಟಿ ಬಂದ ಮರಾಠಿ ಮನೆಯಿಂದ ಬಂದು ಕನ್ನಡ ಶಾಲೆಯಲ್ಲಿ ಕೂಡುವ ಮಕ್ಕಳಿಗೆ ಕೈಯ ಕೆಲಸ ಇನ್ನೊಂದು ಉಪಕಾರ ಮಾಡುತ್ತದೆ. ಕನ್ನಡ ಬರುವ ಮೊದಲೇ ತಮಗೆ ತಿಳಿದಿದೆ ಎಂದು ಅವರು ತೋರಿಸಬಹುದು. ತಕ್ಕಡಿಯ ಎರಡು ತಟ್ಟೆ ಸಮ ಮಾಡಿದ ಹುಡುಗಿಗೆ ಸಮ ಎಂಬ ಪದ ಗೊತ್ತಿಲ್ಲದಿರಬಹುದು, ಅರ್ಥ ಅವಳ ಕೈಯಲ್ಲಿದೆ. ಆದರೆ ಅಲ್ಲಿಗೇ ಬಿಟ್ಟರೆ ಅವಳು ಹಿಂದೆ ಉಳಿಯುತ್ತಾಳೆ. ಆ ಹೊತ್ತಿನಲ್ಲೇ ಪದ ಕೊಡಬೇಕು, ವಾಕ್ಯ ಆಡಿಸಬೇಕು.

ಇದಕ್ಕೆಲ್ಲ ಬೇಕಾದದ್ದು ಶಿಕ್ಷಕರ ಹೊತ್ತು. ಶಿಕ್ಷಣ ಹಕ್ಕು ಕಾಯ್ದೆ 30 ಮಕ್ಕಳಿಗೆ ಒಬ್ಬರು ಎನ್ನುತ್ತದೆ. ತೋಟದ ಶಾಲೆಯಲ್ಲಿ ಈ ಅನುಪಾತ ಕಾಗದದ ಮೇಲೆ ಸುಲಭವಾಗಿ ಸರಿಹೊಂದುತ್ತದೆ, ಯಾಕೆಂದರೆ ಮಕ್ಕಳೇ ಕಡಿಮೆ. ಆದರೆ ಇಬ್ಬರಲ್ಲಿ ಒಬ್ಬರು ತರಬೇತಿಗೋ ಸಭೆಗೋ ಗಣತಿಗೋ ಹೋದ ದಿನ ಐದು ತರಗತಿ ಒಬ್ಬರ ಪಾಲು. ಬಿಸಿಯೂಟದ ಲೆಕ್ಕ, ಹಾಲು-ಮೊಟ್ಟೆಯ ಲೆಕ್ಕ, ಆನ್‌ಲೈನ್ ದಾಖಲೆ ಎಲ್ಲ ಅವರದೇ. ಮಗು ತಾನೇ ಕಟ್ಟು ಬಿಚ್ಚೋಣ ಎನ್ನುವವರೆಗೆ ಕಾಯಲು ನೆಮ್ಮದಿ ಬೇಕು. ಮೊಬೈಲಿನಲ್ಲಿ ತುರ್ತು ಮಾಹಿತಿ ಕೇಳುವ ಸಂದೇಶ ಬಂದ ಹೊತ್ತಿನಲ್ಲಿ ಉತ್ತರವನ್ನು ತಾವೇ ಹೇಳಿ ಮುಗಿಸುವುದು ಯಾವ ಶಿಕ್ಷಕರಿಗೂ ಸಹಜ.

ನಾಲ್ಕನೇ ತರಗತಿಯ ಹೊಸ್ತಿಲಿನ ಮಾತಿಗೆ ಮರಳುತ್ತೇನೆ. ಇಲ್ಲಿ ಹೆಚ್ಚು ಖರ್ಚಿಲ್ಲದೆ ಮಾಡಬಹುದಾದದ್ದಿದೆ. ಮೂರನೇ ತರಗತಿಯ ಕೊನೆಯ ಮೂರು ತಿಂಗಳು ದಿನಕ್ಕೆ ಅರ್ಧ ಗಂಟೆ ಮಕ್ಕಳು ಪುಸ್ತಕ ಹಿಡಿದು ಓದಲಿ. ನಾಲ್ಕನೇ ತರಗತಿಯ ಮೊದಲ ಮೂರು ತಿಂಗಳು ದಿನಕ್ಕೆ ಒಂದು ಅವಧಿ ತಟ್ಟೆಗಳಲ್ಲಿ ಕೂಡಲಿ. ಏಣಿಯ ಕೊನೆಯ ಮೆಟ್ಟಿಲು ಮುಟ್ಟದ ಮಗು ನಾಲ್ಕಕ್ಕೆ ಹೋದರೂ ತನ್ನ ಕಾರ್ಡುಗಳನ್ನು ಜೊತೆಗೆ ಒಯ್ಯಲಿ, ಅದಕ್ಕೆ ಅವಮಾನವೆನಿಸದಂತೆ. ಪ್ರತಿ ವಾರ ಮಗು ಮಾಡಿದ ಒಂದು ಕೆಲಸ, ಅದರ ಬಗ್ಗೆ ತಾನೇ ಬರೆದ ಎರಡು ಸಾಲು ಮನೆಗೆ ಹೋಗಲಿ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವುದನ್ನು ಅರ್ಧ ಗಂಟೆಗೆ ಮುಗಿಸಿ, ಉಳಿದ ಹೊತ್ತು ನಲಿಕಲಿ ಅಕ್ಕೋರು ಮತ್ತು ನಾಲ್ಕನೇ ತರಗತಿಯ ಮಾಸ್ತರರು ಎದುರುಬದುರು ಕೂತು ಒಂದೇ ಮಗುವಿನ ಪಾಟಿ, ಕಾರ್ಡು, ನೋಟುಪುಸ್ತಕಗಳನ್ನು ಒಟ್ಟಿಗೆ ನೋಡಲಿ. ಜಮಖಂಡಿ, ಮುಧೋಳ, ಬೀಳಗಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗಳು ಇದನ್ನು ಮುಂದಿನ ಜೂನ್‌ನಲ್ಲೇ ಶುರು ಮಾಡಬಹುದು. ಇದಕ್ಕೆ ಹೊಸ ಪೆಟ್ಟಿಗೆಯೂ ಬೇಡ, ಹೊಸ ಯೋಜನೆಯ ಹೆಸರೂ ಬೇಡ.